ಬೂದು ಗುಂಡಿ

ಎಲಿಯೂರು ರೈಲ್ವೆ ಗೇಟಿಗೆ ನಲವತ್ತು ಹೆಜ್ಜೆ, ನನ್ನ ಅಂಗಡಿ.
ಝೆರಾಕ್ಸ್, ಲ್ಯಾಮಿನೇಷನ್, ಪಹಣಿ, ರೇಷನ್ ಕಾರ್ಡಿನ ಕೆಲಸ.
ಕೆಂಪಾಜಮ್ಮ ಬಂದಳು, ನಾಲ್ಕನೇ ಸಲ.
ಸೌತೆಕಾಯಿ ಬುಟ್ಟಿ ಹೊಸ್ತಿಲಾಚೆ ಇಳಿಸಿ
ಸೆರಗಿಗೆ ಕೈ ಒರೆಸಿ,
"ಮೊಮ್ಮಗೀನ್ ಹೆಸ್ರು ಸೇರ್‌ಕತಾ ಮಗಾ?"

ತೆರೆಯನ್ನು ಅವಳ ಕಡೆ ತಿರುಗಿಸಿದೆ.
ಪಟ್ಟಿಯಲ್ಲಿ ಮಿಕ್ಕಿದ್ದೆಲ್ಲ ಕಪ್ಪಗೆ, ದಿಟ್ಟವಾಗಿ:
ವಿಳಾಸ ತಿದ್ದು. ಅಂಗಡಿ ಬದಲಿಸು. ಮುದ್ರಿಸು.
ನಡುವೆ ಒಂದೇ ಒಂದು, ತಣ್ಣಗಾದ ಒಲೆಯ ಬಣ್ಣದ್ದು:
ಹೆಸರು ಸೇರಿಸು.

"ಅದ್ಯಾಕೆ ಅಂಗೆ ಸಪ್ಪಗದೆ? ಒಸಿ ಬಲವಾಗ್ ಒತ್ತು."
ಒತ್ತಿದೆ. ಅವಳ ಸಮಾಧಾನಕ್ಕೆ ಇನ್ನೊಂದು ಸಲ.
ಅವಳೂ ಒತ್ತಿದಳು, ಗಾಜಿನ ಮೇಲೆಯೇ, ತೋರುಬೆರಳಲ್ಲಿ.
ಉಪ್ಪುಖಾರದ ಗುರುತು ಉಳಿಯಿತು.

ಹೋದ ವರ್ಷ ಹೀಗಿರಲಿಲ್ಲ.
ಆಗ ಅದೂ ಕಪ್ಪಗಿತ್ತು, ಒತ್ತಿದರೆ ತೆರೆಯುತ್ತಿತ್ತು,
ಹನ್ನೊಂದು ಖಾನೆ ತುಂಬಿಸಿಕೊಳ್ಳುತ್ತಿತ್ತು,
ಹುಟ್ಟಿದ ದಿನ, ತಾಯಿಯ ಹೆಸರು, ಓಟಿಪಿ, ಮತ್ತೊಂದು ಓಟಿಪಿ,
ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕಿ, ನೀರು ಚಿಮುಕಿಸಿ
ಆಮೇಲೆ ಅನ್ನುತ್ತಿತ್ತು: ಸದ್ಯ ಸೌಲಭ್ಯವಿಲ್ಲ.
ಕೆಳಗೊಂದು ಗುಂಡಿ: ಸರಿ.
"ಏನ್ ಸರಿ?" ಅಂದಿದ್ದಳು ಕೆಂಪಾಜಮ್ಮ.
ಬೇರೆ ಗುಂಡಿ ಇರಲಿಲ್ಲ. ಸರಿ ಅಂತಲೇ ಒತ್ತಿದ್ದೆ.

ಆ ಲೆಕ್ಕದಲ್ಲಿ ಈ ಬೂದು ದೊಡ್ಡದು.
ಎಲ್ಲೋ ಕೂತ ಯಾರೋ ಕನಿಕರ ಪಟ್ಟಿದ್ದಾರೆ,
ಆಗದ್ದನ್ನು ಮೊದಲೇ ಆಗದು ಅನ್ನೋಣ, ಎಲೆ ಹಾಕುವುದು ಬೇಡ ಅಂತ.
ಒಪ್ಪಿದೆ. ಆದರೆ ಅಂದದ್ದೆಲ್ಲಿ?
ಮದುವೆಮನೆಯಲ್ಲಿ ಮಾತು ಬಿಟ್ಟ ನೆಂಟರ ಹಾಗೆ
ಎದುರಿಗೇ ಇದೆ, ಮುಖ ಕೊಡುವುದಿಲ್ಲ.
ಕೋಪವೋ, ಕಾಯಿಲೆಯೋ,
ನಾನೇ ಏನಾದರೂ ತಪ್ಪು ತುಂಬಿದೆನೋ.
ಬಾಣವನ್ನು ಅದರ ಮೇಲೆ ನಿಲ್ಲಿಸಿ ಕಾದೆ.
"ಜೂನಿನವರೆಗೆ" ಅಂದಿದ್ದರೂ ಸಾಕಿತ್ತು.

ಹೊರಗೆ ಗಂಟೆ. ಗೇಟು ಬಿತ್ತು.
ಕೆಂಪಾಜಮ್ಮ ತಟಕ್ಕನೆ ಎದ್ದಳು;
ಗೇಟು ಬಿದ್ದರೇ ಅವಳ ಅಂಗಡಿ ಬಾಗಿಲು ತೆಗೆದ ಹಾಗೆ.
ಕಬ್ಬಿನ ಟ್ರಾಕ್ಟರು, ಸ್ಕೂಲ್ ವ್ಯಾನು, ಬೀಗರೂಟಕ್ಕೆ ಹೊರಟ ಟೆಂಪೋ.
ಮಂಡ್ಯದ ಕಡೆಯಿಂದ ಒಂದು ಗಾಡಿ ಬಂತು, ಹೋಯಿತು.
ಗೇಟು ಏಳಲಿಲ್ಲ.
ಶುರುವಾಯಿತು ಹಾರನ್ನು, ಒಂದರ ಹಿಂದೊಂದು,
"ಹೋಯ್ತಲ್ಲ ರೈಲು, ಇನ್ನೂ ಯಾತಕ್ಕೆ?"
ಬಣ್ಣ ಬಳಿದ ಕಂಬ ಏನು ಹೇಳೀತು.
ಇವಳು ಕಿಟಕಿಯಿಂದ ಕಿಟಕಿಗೆ, ಸೌತೆಕಾಯಿ ಸೀಳುತ್ತ,
"ಎದುರ್‌ಗಾಡಿ ಅದೆ ಕನಪ್ಪ. ಪಾಂಡುಪುರ ಬುಟ್ಟದೆ. ಐದು ನಿಮ್ಸ."
ಹಾರನ್ನು ನಿಂತಿತು.
ಟ್ರಾಕ್ಟರಿನವನು ಇಂಜಿನ್ ಆರಿಸಿ ಕೆಳಗಿಳಿದ,
ಖಾರ ಜಾಸ್ತಿ ಹಾಕು ಅಂದ.

ಅವತ್ತು ರಾತ್ರಿ ಒಂದು ಚೀಟಿ ಬರೆದು ತೆರೆಯ ಅಂಚಿಗೆ ಅಂಟಿಸಲು ಕೂತೆ.
"ಹೆಸರು ಸೇರಿಸುವುದು ನಿಂತಿದೆ, ಏಕೆಂದರೆ"
ಅಲ್ಲಿಗೆ ಪೆನ್ನು ನಿಂತಿತು.
ನನಗಾದರೂ ಯಾರು ಹೇಳಿದ್ದಾರೆ.
ಅಷ್ಟನ್ನೇ ಅಂಟಿಸಿದೆ.

ಸೋಮವಾರ ಹೊಸ ಆವೃತ್ತಿ.
ಬೂದೂ ಇಲ್ಲ. ಪಟ್ಟಿ ಚೊಕ್ಕಟ, ಸಾರಿಸಿದ ಅಂಗಳ.
ವಿಳಾಸ ತಿದ್ದು. ಅಂಗಡಿ ಬದಲಿಸು. ಮುದ್ರಿಸು.
ಕಿತ್ತ ಜಾಗದಲ್ಲಿ ಸಂದು ಕೂಡ ಬಿಟ್ಟಿಲ್ಲ.

ಕೆಂಪಾಜಮ್ಮ ತೆರೆ ನೋಡಿದಳು. ನನ್ನ ಮುಖ ನೋಡಿದಳು.
"ಇತ್ತಲ್ವಾ ಮಗಾ?"
ಇತ್ತು, ಅಂದೆ.
"ಇಲ್ಲೇ ಕನ."
ಅವಳ ಬೆರಳು ಗಾಜಿನ ಮೇಲೆ ತಡಕಾಡಿ
ಒಣಗಿದ ಖಾರದ ಕಲೆಯ ಮೇಲೆ ಕೂತಿತು.
ನಾನು ತೆರೆ ಒರೆಸಿರಲಿಲ್ಲ.

ಹೊರಗೆ ಗಂಟೆ. ಗೇಟು ಬಿತ್ತು.
ಬುಟ್ಟಿ ಹೊಸ್ತಿಲಾಚೆಯೇ ಇತ್ತು.
ಒಂದು ರೈಲು ಹೋಯಿತು.
ಆಮೇಲೆ ಒಂದೊಂದಾಗಿ ಹಾರನ್ನು.